ತಂಗಳೆಂದು ತಟ್ಟೆ ತಳ್ಳುವವರಿಗೆ

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬ ಗಾದೆ ಕೇಳದ ಹೆಣ್ಣು ನಮ್ಮಲ್ಲಿಲ್ಲ. ಏಟು ತಿಂದು ತವರಿಗೆ ಬಂದವಳಿಗೆ ತವರಿನವರು ಈ ಗಾದೆ ಹೇಳಿಯೇ ವಾಪಸು ಕಳಿಸುತ್ತಾರೆ. ಊರ ಹಿರಿಯರು ಪಂಚಾಯಿತಿಯಲ್ಲಿ ಇದನ್ನೇ ತೀರ್ಪಿನಂತೆ ಹೇಳುತ್ತಾರೆ. ಆದರೆ ಜಗಳ ಹುಟ್ಟುವುದೇ ಉಣ್ಣುವ ತಟ್ಟೆಯ ಮುಂದೆ ಎಂದಾದರೆ? ಸಾರು ಬೆಳಗಿನದು, ಪಲ್ಯ ನಿನ್ನೆಯದು, “ನಾನೇನು ತಂಗಳು ತಿನ್ನೋನಾ?” ಎಂದು ತಟ್ಟೆ ಗೋಡೆಗೆ ಹಾರಿದರೆ, ಆ ಜಗಳವನ್ನು ಯಾವ ಊಟ ಮುಗಿಸಬೇಕು?

ಅಕ್ಕತಂಗಿಯರೇ, ನಾನು ಬರೆಯಲು ಹೊರಟಿರುವುದು ಈ ‘ತಂಗಳು’ ಎಂಬ ಮಾತಿನ ಬಗ್ಗೆ. ನನ್ನ ವಾದ ಮೂರೇ ಮಾತಿನದು. ದುಡಿಯುವ ಹೆಣ್ಣು ಅಡುಗೆಯನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳುವುದು ಸೋಮಾರಿತನವಲ್ಲ, ಅದು ಅವಳ ಹಕ್ಕು. ಹಾಗೆ ಮಾಡಿಡುವ ಕೆಲಸ ಅವಳೊಬ್ಬಳ ಹೊರೆಯಾಗಬಾರದು. ಅದರಿಂದ ಉಳಿಯುವ ಹೊತ್ತು ಅವಳಿಗೇ ಸೇರಬೇಕು.

ವರದಕ್ಷಿಣೆ, ಕೊಲೆ, ಆತ್ಮಹತ್ಯೆಯ ಬಗ್ಗೆ ಬರೆಯಬೇಕಾದ ಪುಟಗಳಲ್ಲಿ ಸಾರು, ಪಲ್ಯದ ಮಾತೇಕೆ ಎಂದು ಕೆಲವರು ಕೇಳಬಹುದು. ಅವರಿಗೆ ಎರಡು ಸಂಗತಿ ನೆನಪಿಸುತ್ತೇನೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ‘ಸ್ಟೋವ್ ಸಿಡಿತ’, ‘ಅಡುಗೆಮನೆ ಅಪಘಾತ’ ಎಂದು ಮುಚ್ಚಿದ್ದ ಸಾವುಗಳ ಬಗ್ಗೆ ಪ್ರಶ್ನೆ ಎತ್ತಿದರು. ಹೆಣ್ಣು ಬದುಕಿದ್ದಾಗ ಅಡುಗೆಮನೆ ಯಾರ ಕಣ್ಣಿಗೂ ಬೀಳುವುದಿಲ್ಲ, ಸತ್ತಾಗ ಮಾತ್ರ ಪೊಲೀಸರ ಕಡತದಲ್ಲಿ ಅದೇ ಕಾರಣವಾಗುತ್ತದೆ! ಎರಡನೆಯದು, 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಆ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಎಲ್ಲ ರಾಜ್ಯಗಳಲ್ಲಿ ನಮ್ಮದೇ ಮೊದಲು. ಅದೇ ಸಮೀಕ್ಷೆಯವರು, ಯಾವ ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆದರೆ ಸರಿ ಎಂದು ಏಳು ಕಾರಣ ಕೊಟ್ಟು ಕೇಳುತ್ತಾರೆ. ಆ ಏಳರಲ್ಲಿ ಒಂದು, ‘ಅಡುಗೆ ಸರಿಯಾಗಿ ಮಾಡದಿದ್ದರೆ’ ಎಂಬುದು. ನಮ್ಮ ರಾಜ್ಯದ ಹೆಂಗಸರಲ್ಲಿ ನಾಲ್ವರಲ್ಲಿ ಮೂವರು, ಈ ಏಳರಲ್ಲಿ ಒಂದಲ್ಲ ಒಂದು ಕಾರಣಕ್ಕೆ ಹೊಡೆತ ಸರಿಯೇ ಎಂದಿದ್ದಾರೆ. ಗಂಡಸರು ಹೇಳಿದ್ದು ಹಾಗಿರಲಿ, ಹೇಳಿದವರು ನಾವು! ಈಗ ಹೇಳಿ, ಸಾರು, ಪಲ್ಯದ ಮಾತು ಚಿಕ್ಕದೇ?

ಅಟ್ಟದ ಮೇಲಿನ ಕೊಬ್ಬರಿ ತಂಗಳೇ?

ನಮ್ಮ ಪಂಚನಹಳ್ಳಿ ಹೋಬಳಿ ಮಲೆನಾಡೆಂದು ಹೆಸರಾದ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಆದರೆ ಕಡೂರು ತಾಲೂಕಿನ ಈ ಭಾಗ ಅಪ್ಪಟ ಬಯಲುಸೀಮೆ. ಮಳೆ ಮಲೆನಾಡಿಗೆ ಸುರಿದು, ನಮಗೆ ಲೆಕ್ಕ ಹಾಕಿ ಬೀಳುತ್ತದೆ. ಇಂಥ ಬರದ ನೆಲದಲ್ಲಿ ನಾಳೆಗೆಂದು ತೆಗೆದಿಡುವುದೇ ಬದುಕಿನ ವಿದ್ಯೆ. ನಮ್ಮ ಹಿರಿಯರು ರಾಗಿಯನ್ನು ಹಗೇವಿಗೆ ತುಂಬಿ ವರ್ಷಗಟ್ಟಲೆ ಇಟ್ಟು ಉಂಡವರು. ಹಗೇವಿನ ರಾಗಿಯನ್ನು ಯಾರೂ ಹಳಸಲು ಎನ್ನಲಿಲ್ಲ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗಿನ ನೀರೆಲ್ಲ ಇಂಗಿ ಗಿಟುಕಾದ ಮೇಲೆ ಒಡೆದು ಅರಸೀಕೆರೆಗೋ ತಿಪಟೂರಿಗೋ ಸಾಗಿಸುತ್ತೇವೆ. ಹಳೆಯದಾದಷ್ಟೂ ಬೆಲೆ ಬರುವ ಆ ಕೊಬ್ಬರಿಯನ್ನು ಯಾವ ಯಜಮಾನನೂ ತಂಗಳೆಂದು ತಳ್ಳಲಿಲ್ಲ. ಅದರ ದುಡ್ಡು ಅವನ ಜೇಬಿಗೆ ಬರುತ್ತದಲ್ಲ!

ಇನ್ನು ಹೆಂಗಸರು ಮಾಡಿಡುತ್ತ ಬಂದದ್ದನ್ನು ನೋಡಿ. ರಾಗಿಗೆ ನೀರು ಚಿಮುಕಿಸಿ, ಹುರಿದು ಅರಳಿಸಿ, ಬೀಸಿಟ್ಟ ಹುರಿಹಿಟ್ಟು ಮಜ್ಜಿಗೆಗೂ ಸರಿ, ಬೆಲ್ಲ ಕಾಯಿಗೂ ಸರಿ. ಒಲೆ ಹಚ್ಚುವ ಮಾತೇ ಇಲ್ಲ. ಬೇಸಿಗೆಯಲ್ಲಿ ಹಾಕಿದ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ವರ್ಷಕ್ಕಾಗುವ ಉಪ್ಪಿನಕಾಯಿ, ತಿಂಗಳಿಗಾಗುವ ಸಾರಿನ ಪುಡಿ, ಹುಚ್ಚೆಳ್ಳು ಚಟ್ನಿಪುಡಿ, ಕೊಬ್ಬರಿ ಚಟ್ನಿಪುಡಿ. ಉತ್ತರ ಕರ್ನಾಟಕದಲ್ಲಿ ಒಂದು ದಿನ ತಟ್ಟಿದ ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಹುರುಳಿ ಸಾರು ಮಾರನೆಯ ದಿನಕ್ಕೇ ಹೆಚ್ಚು ರುಚಿ ಎಂದು ಉಂಡವರೇ ಒಪ್ಪುತ್ತಾರೆ. ಉಳಿದ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋದ ಜನ ನಾವು. ಮುಂಚಿತವಾಗಿ ಮಾಡಿಟ್ಟು ಉಣ್ಣುವುದು ಪಟ್ಟಣದ ಫ್ಯಾಷನ್ ಅಲ್ಲ, ಫ್ರಿಜ್ಜು ಕಲಿಸಿದ ಪಾಠವೂ ಅಲ್ಲ.

ಹಾಗಾದರೆ ‘ತಂಗಳು’ ಎಂಬ ಬೈಗುಳ ಎಲ್ಲಿಂದ ಬಂತು? ಮಾಡಿಟ್ಟ ವಸ್ತು ಯಜಮಾನನ ಪ್ರಯಾಣಕ್ಕೆ, ಮನೆಯ ಮರ್ಯಾದೆಗೆ, ಮಂಡಿಯ ವ್ಯಾಪಾರಕ್ಕೆ ಒದಗುವವರೆಗೆ ಅದಕ್ಕೆ ಗೌರವವಿತ್ತು. ಅದೇ ಮಾಡಿಟ್ಟ ಅಡುಗೆ ಹೆಣ್ಣಿಗೆ ಎರಡು ಗಂಟೆ ಬಿಡುವು ಕೊಡುತ್ತದೆ ಎಂದಾಗ ಅದು ತಂಗಳಾಯಿತು. ಇದೇ ಈ ಮಾತಿನ ಮರ್ಮ.

ಅಂಗಡಿಯ ಕಡೆಗೊಮ್ಮೆ ನೋಡಿ. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲಾಗಿ ಶುರುವಾದ ಎಂಟಿಆರ್ ಹೆಸರಿನಲ್ಲಿ ಇವತ್ತು ಸಾರಿನ ಪುಡಿ, ರವೆ ಇಡ್ಲಿ ಮಿಶ್ರಣ, ಬಿಸಿ ಮಾಡಿ ತಿನ್ನುವ ಪೊಟ್ಟಣಗಳು ಸಿಗುತ್ತವೆ. 2005ರಲ್ಲಿ ಅದೇ ಬೆಂಗಳೂರಿನಲ್ಲಿ ಹುಟ್ಟಿದ ಐಡಿ ಫ್ರೆಶ್ ಕಂಪನಿ ರುಬ್ಬಿದ ದೋಸೆ ಹಿಟ್ಟನ್ನು ತಣ್ಣಗಿಟ್ಟು ಊರೂರಿಗೆ ಮಾರುತ್ತಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಂಪನಿ ಮೊದಲೇ ಮಾಡಿಟ್ಟರೆ ಅದಕ್ಕೆ ಬೆಲೆ, ಬ್ರ್ಯಾಂಡು, ಜಾಹೀರಾತು. ಹೆಂಡತಿ ಮೊದಲೇ ಮಾಡಿಟ್ಟರೆ ಬೈಗುಳ, ಮೂದಲಿಕೆ, ಕೆಲವು ಮನೆಗಳಲ್ಲಿ ಕಪಾಳಕ್ಕೆ ಏಟು. ಇದು ಯಾವ ನ್ಯಾಯ?

ಶಾಸ್ತ್ರ ತೆಗೆಯುವವರೂ ಇದ್ದಾರೆ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಹೊತ್ತು ಮೀರಿದ ಆಹಾರವನ್ನು ತಾಮಸ ಎಂದಿಲ್ಲವೇ ಎನ್ನುತ್ತಾರೆ. ಹಳಸಿದ್ದನ್ನು, ನಾರುವುದನ್ನು ತಿನ್ನಬಾರದು ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಗುಜರಾತ್, ರಾಜಸ್ಥಾನಗಳಲ್ಲಿ ಶೀತಲಾದೇವಿಯ ಹಬ್ಬದ ದಿನ ಒಲೆಯನ್ನೇ ಹಚ್ಚುವುದಿಲ್ಲ. ಹಿಂದಿನ ದಿನ ಮಾಡಿಟ್ಟ ತಣ್ಣನೆಯ ಅಡುಗೆಯನ್ನೇ ದೇವಿಗೆ ನೈವೇದ್ಯ ಮಾಡಿ, ಗಂಡಸರೂ ಸೇರಿ ಮನೆಮಂದಿಯೆಲ್ಲ ಕಣ್ಣಿಗೊತ್ತಿಕೊಂಡು ತಿನ್ನುತ್ತಾರೆ. ದೇವಿಯ ಹೆಸರು ಹೇಳಿದರೆ ತಂಗಳು ಪ್ರಸಾದ, ಹೆಂಡತಿಯ ಹೆಸರು ಹೇಳಿದರೆ ಅಪಮಾನ!

ಯಾರ ಗಡಿಯಾರ?

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಲೆಕ್ಕ ಹೀಗಿದೆ. ಮನೆಯವರಿಗಾಗಿ ಸಂಬಳವಿಲ್ಲದೆ ಮಾಡುವ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರ ಲೆಕ್ಕ ಮಾತ್ರ. ಕೈಯನ್ನೇ ಹಚ್ಚದವರು ಆ ಸರಾಸರಿಗೆ ಬರುವುದೇ ಇಲ್ಲ. ಸುಮಾರು ಐದು ಗಂಟೆಗಳ ಈ ದುಡಿಮೆ ಮುಗಿಸಿ, ಅದರ ಮೇಲೆ ನಾವು ಡೈರಿಗೆ ಹಾಲು ಹಾಕುತ್ತೇವೆ, ಕೂಲಿಗೆ ಹೋಗುತ್ತೇವೆ, ಅಂಗನವಾಡಿ ನಡೆಸುತ್ತೇವೆ, ಪಟ್ಟಣದ ಗಾರ್ಮೆಂಟ್ಸಿಗೆ ಬಸ್ಸು ಹತ್ತುತ್ತೇವೆ.

ನಮ್ಮ ಕಡೆಯ ಒಂದು ಸಂಘದ ಸದಸ್ಯೆಯ ಮಾತು ಹೇಳುತ್ತೇನೆ, ಹೆಸರು ಬೇಡ. ಎರಡು ಮಕ್ಕಳ ತಾಯಿ. ಬೆಳಕು ಹರಿಯುವ ಮುಂಚೆ ಗಾರ್ಮೆಂಟ್ಸ್ ಬಸ್ಸು ಬರುತ್ತಿತ್ತು. ರಾತ್ರಿಯೇ ಸಾರು ಕುದಿಸಿ, ಕಾಳು ಬೇಯಿಸಿ, ಮಕ್ಕಳ ಡಬ್ಬಿಗೆ ಪಲ್ಯ ಮಾಡಿಟ್ಟು ಮಲಗುತ್ತಿದ್ದಳು. ಬೆಳಿಗ್ಗೆ ಬಿಸಿ ಮಾಡಿ ಬಡಿಸಿಕೊಳ್ಳಲು ಮನೆಯಲ್ಲಿ ಗಂಡನಿದ್ದ, ಅತ್ತೆಯಿದ್ದರು. ಆದರೆ ಒಲೆಯ ಮುಂದೆ ನಿಲ್ಲುವುದು ಅವನ ಗಂಡಸುತನಕ್ಕೆ ಕುಂದು. ದಿನಾ ತಂಗಳು ಹಾಕಿ ಗಂಡನನ್ನು ಕೊರಗಿಸುತ್ತಿದ್ದಾಳೆ ಎಂದು ಕೇರಿಯಲ್ಲಿ ಮಾತಾಯಿತು. ಒಂದು ರಾತ್ರಿ ಕುದಿಯುವ ಸಾರಿನ ಪಾತ್ರೆಯನ್ನೇ ಒದ್ದ. ಕಾಲು ಸುಟ್ಟುಕೊಂಡವಳು ಕೆಲಸ ಬಿಟ್ಟಳು. ಸಂಬಳ ನಿಂತಿತು, ಸಂಘದ ಕಂತು ನಿಂತಿತು. ಆಮೇಲೆ ಸಂಘದಲ್ಲಿ ಎದ್ದ ಪ್ರಶ್ನೆ ಏನು ಗೊತ್ತೇ? ‘ಕಂತು ಯಾಕೆ ಕಟ್ಟಲಿಲ್ಲ?’ ಎಂದು. ‘ಕಾಲು ಯಾಕೆ ಸುಟ್ಟಿತು?’ ಎಂದು ಯಾರೂ ಕೇಳಲಿಲ್ಲ. ಬಿಸಿ ಊಟದ ಹಟ ಒಬ್ಬ ಹೆಣ್ಣಿನ ದುಡಿಮೆಯನ್ನು, ಅವಳ ಕೈಯ ಹಣವನ್ನು, ಅವಳ ಮಾತಿನ ತೂಕವನ್ನು ಹೀಗೆ ನುಂಗುತ್ತದೆ.

ನಮ್ಮ ಸಂಘದ ಸಭೆಗಳನ್ನೇ ನೋಡಿಕೊಳ್ಳಿ. ಸಂಜೆ ಸಭೆ ಶುರುವಾಗುತ್ತದೆ, ಉಳಿತಾಯದ ಲೆಕ್ಕ ಬರೆಯುವ ಹೊತ್ತಿಗೆ ಕತ್ತಲಾಗುತ್ತದೆ. ‘ಅಡುಗೆ ಆಗಿಲ್ಲ ಕಣಕ್ಕ’ ಎಂದು ಒಬ್ಬೊಬ್ಬರೇ ಏಳುತ್ತಾರೆ. ಸಾಲ ಯಾರಿಗೆ, ಎಷ್ಟು ಎಂದು ತೀರ್ಮಾನವಾಗುವಾಗ ಉಳಿದಿರುವವರು ನಾಲ್ಕೇ ಜನ. ಎದ್ದು ಹೋದವಳು ಹೆಬ್ಬೆಟ್ಟನ್ನೋ ಸಹಿಯನ್ನೋ ಮೊದಲೇ ಹಾಕಿ ಹೋಗಿರುತ್ತಾಳೆ. ಗ್ರಾಮಸಭೆಯಲ್ಲೂ ಇದೇ ಕಥೆ. ಒಲೆ ಕರೆದಾಗೆಲ್ಲ ಏಳಬೇಕಾದವಳು ಎಲ್ಲಿ ಕೂತು, ಯಾವಾಗ ಯೋಚಿಸಬೇಕು?

ಓದಿ ಕೆಲಸಕ್ಕೆ ಸೇರಿದವರ ಪಾಡೂ ಬೇರೆಯಲ್ಲ. ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ವರ್ಷಾನುಗಟ್ಟಲೆ ಕಂಡದ್ದು ಇದು: ಕೊನೆಯ ಗಂಟೆ ಹೊಡೆದ ಮೇಲೆ ಗಂಡಸರು ರಾಜಕೀಯ ಮಾತಾಡುತ್ತ ಕಾಫಿಗೆ ಹೊರಡುತ್ತಿದ್ದರು. ನಾವು ಹೆಂಗಸರು ಉತ್ತರ ಪತ್ರಿಕೆಯ ಕಟ್ಟಿನ ಜೊತೆ ತರಕಾರಿ ಚೀಲವನ್ನೂ ಹಿಡಿದು ಬಸ್ಸಿಗೆ ಓಡುತ್ತಿದ್ದೆವು. ಡಿಗ್ರಿ ಒಂದೇ, ಸಂಬಳ ಒಂದೇ, ಸಂಜೆ ಮಾತ್ರ ಬೇರೆ.

ಫ್ರಿಜ್ಜು ಬಂದರೆ ಬಿಡುಗಡೆ ಬಂತೇ?

‘ಈಗೇನಮ್ಮ ಕಷ್ಟ, ಫ್ರಿಜ್ಜಿದೆ, ಮಿಕ್ಸಿಯಿದೆ, ಗ್ಯಾಸಿದೆ’ ಎನ್ನುವವರಿಗೆ ನನ್ನ ಮೊದಲ ಪ್ರಶ್ನೆ, ಆ ಫ್ರಿಜ್ಜು ನಿಮ್ಮ ಮನೆಗೆ ಬಂದದ್ದು ಹೇಗೆ? ಎಷ್ಟೋ ಮನೆಗಳಲ್ಲಿ ಅದು ಸೊಸೆಯ ಜೊತೆ ಬಂದದ್ದು. ಮದುವೆಯ ಪಟ್ಟಿಯಲ್ಲಿ ಬೈಕು, ಉಂಗುರ, ಮಂಚದ ಜೊತೆ ಬರೆಸಿದ್ದು. ಹೆತ್ತವರು ಅದಕ್ಕಾಗಿ ಸಂಘದಲ್ಲೇ ಸಾಲ ತೆಗೆದದ್ದೂ ಉಂಟು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಎಂದರೆ ನಗದು ಮಾತ್ರವಲ್ಲ, ಯಾವುದೇ ಸ್ವತ್ತು. ಕೊಡುವುದೂ, ತೆಗೆದುಕೊಳ್ಳುವುದೂ ಅಪರಾಧ. ಕಾಯ್ದೆ ಸಾಮಾನ್ಯವಾಗಿ 5 ವರ್ಷಕ್ಕೆ ಕಡಿಮೆಯಿಲ್ಲದ ಸಜೆ ಹೇಳುತ್ತದೆ. ಇಷ್ಟೆಲ್ಲ ಕೊಟ್ಟು ಬಂದ ಹುಡುಗಿ, ತನ್ನ ಅಪ್ಪ ಸಾಲ ಮಾಡಿ ಕೊಡಿಸಿದ ಅದೇ ಫ್ರಿಜ್ಜಿನಲ್ಲಿ ನಿನ್ನೆಯ ಸಾರು ಇಟ್ಟರೆ, ‘ನಿಮ್ಮ ಅಮ್ಮ ಇದನ್ನೇ ಕಲಿಸಿದ್ದಾ?’ ಎಂಬ ಮಾತು ಕೇಳಬೇಕು. ಫ್ರಿಜ್ಜು ಅವರಿಗೆ ಬೇಕು, ಅದರಿಂದ ಸಿಗುವ ಬಿಡುವು ಅವಳಿಗೆ ಸಿಗಬಾರದು!

ಎರಡನೆಯ ಪ್ರಶ್ನೆ ಪಟ್ಟಣದ ಓದಿದ ಮನೆಗಳಿಗೆ. ಅಲ್ಲಿ ತಂಗಳೆಂದು ಹೊಡೆಯುವುದು ಕಡಿಮೆಯಾಗಿರಬಹುದು. ಆದರೆ ವಾರಕ್ಕಾಗುವಷ್ಟು ಮಸಾಲೆ ರುಬ್ಬಿ, ಕಾಳು ಮೊಳಕೆ ಕಟ್ಟಿ, ಚಪಾತಿ ಅರ್ಧ ಬೇಯಿಸಿ ಫ್ರೀಜರಿಗೆ ತುಂಬುವುದು ಯಾವತ್ತು? ಭಾನುವಾರ. ಯಾರು? ಅವಳೇ. ಗಂಡ, ಮಕ್ಕಳು ಟಿವಿ ಮುಂದೆ, ಅವಳು ಒಲೆಯ ಮುಂದೆ. ಸೋಮವಾರದ ಹೊರೆ ಭಾನುವಾರಕ್ಕೆ ಸರಿದರೆ ಅದು ಬಿಡುವಲ್ಲ, ರಜೆಯನ್ನೂ ಕಳೆದುಕೊಂಡಂತೆ. ಅಂಥ ಫ್ರೀಜರಿನಲ್ಲಿ ತಣ್ಣಗೆ ಕೂತಿರುವುದು ಅವಳ ಭಾನುವಾರ.

ಮಾಡಿಟ್ಟ ಅಡುಗೆಯನ್ನು ಹೇಗೆ ಇಡಬೇಕೆಂಬ ತಿಳಿವಳಿಕೆಯೂ ನಮಗಿರಬೇಕು. ಇಲ್ಲವಾದರೆ ಒಂದು ಮಗುವಿಗೆ ಹೊಟ್ಟೆ ಕೆಟ್ಟರೂ ಅಪವಾದ ತಾಯಿಯ ತಲೆಗೇ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗಿಡಿ. ದೊಡ್ಡ ಪಾತ್ರೆಗಿಂತ ಸಣ್ಣ ಡಬ್ಬಿಗಳಲ್ಲಿ ಬೇಗ ಆರುತ್ತದೆ. ಒಂದು ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ, ಮತ್ತೆ ಮತ್ತೆ ಬಿಸಿ ಮಾಡಿ ಇಡಬೇಡಿ. ಬೇಯಿಸಿದ ಅನ್ನವನ್ನು ಸೆಕೆಯಲ್ಲಿ ರಾತ್ರಿಯಿಡೀ ಹೊರಗೆ ಬಿಟ್ಟರೆ ಅದರಲ್ಲಿ ಹುಟ್ಟುವ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಕರೆಂಟು ಹೋದಾಗ ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಫ್ರಿಜ್ಜೇ ಇಲ್ಲದ ಮನೆಯಲ್ಲಿ ಕಾಯಿ ರುಬ್ಬಿದ ಸಾರನ್ನು ಉಳಿಸಬೇಡಿ, ಬೇಸಿಗೆಯಲ್ಲಿ ಬಹಳ ಬೇಗ ಹಳಸುತ್ತದೆ. ಹುರಿಹಿಟ್ಟು, ಚಟ್ನಿಪುಡಿ, ಹುಣಸೆಹಣ್ಣಿನ ಗೊಜ್ಜು ಇದ್ದರೆ ಒಂದು ಹೊತ್ತು ನಿಶ್ಚಿಂತೆ.

ಮುದ್ದೆ ಮಾತ್ರ ಬಿಸಿಯಾಗಿಯೇ ಬೇಕು ಎನ್ನುತ್ತೀರಾ? ಒಪ್ಪಿದೆ. ಸಾರು ಸಿದ್ಧವಿದ್ದರೆ ಮುದ್ದೆ ಸ್ವಲ್ಪ ಹೊತ್ತಿನ ಕೆಲಸ. ಮುದ್ದೆ ಕೋಲು ತಿರುವಲು ರಟ್ಟೆಯಲ್ಲಿ ಬಲ ಬೇಕು. ಬಲ ತಮಗೇ ಹೆಚ್ಚು ಎಂದು ಗಂಡಸರು ಹೇಳಿಕೊಳ್ಳುತ್ತಾರಲ್ಲ, ತಿರುವಲಿ! ಜಾತ್ರೆಯಲ್ಲಿ, ಮದುವೆ ಚಪ್ಪರದಲ್ಲಿ, ಹೋಟೆಲಿನಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವವರು ಗಂಡಸರೇ. ಕೂಲಿ ಸಿಗುವ ಕಡೆ ಬರುವ ವಿದ್ಯೆ ಮನೆಯ ಹೊಸ್ತಿಲು ದಾಟಿದೊಡನೆ ಮರೆತು ಹೋಗುವುದು ಹೇಗೆ?

ಸಂಘ ಮಾಡಬಹುದಾದದ್ದು

ಈ ಅನ್ಯಾಯಕ್ಕೆ ಒಬ್ಬೊಬ್ಬಳೇ ತನ್ನ ಅಡುಗೆಮನೆಯಲ್ಲಿ ನಿಂತು ಉತ್ತರ ಕೊಡಲಾರಳು. ಸಂಘ ಇರುವುದು ಉಳಿತಾಯದ ಪುಸ್ತಕ ತುಂಬಿಸಲಿಕ್ಕೆ ಮಾತ್ರವಲ್ಲ.

1959ರಲ್ಲಿ ಮುಂಬಯಿಯ ಗಿರ್ಗಾಂವಿನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು, ಮನೆಯ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಅದೇ ಇವತ್ತಿನ ಲಿಜ್ಜತ್ ಪಾಪಡ್. ಒಬ್ಬಳೇ ಮಾಡಿದಾಗ ಮನೆಗೆಲಸವೆನಿಸಿದ್ದು, ಕೂಡಿ ಮಾಡಿದಾಗ ಕೂಲಿಯಿರುವ ಕೆಲಸವಾಯಿತು. ದೂರದ ಪೆರು ದೇಶದ ಲಿಮಾ ನಗರದಲ್ಲಿ, 1970ರ ದಶಕದ ಕೊನೆಯಲ್ಲಿ, ಬಡ ಬಡಾವಣೆಗಳ ಹೆಂಗಸರು ಮನೆ ಮನೆಯ ಒಲೆ ಬಿಟ್ಟು ಸಾಮೂಹಿಕ ಅಡುಗೆಮನೆ ಕಟ್ಟಿದರು. ಸರದಿಯಲ್ಲಿ ಬೇಯಿಸಿ ಎಲ್ಲರೂ ಒಯ್ಯುವ ಪದ್ಧತಿ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಊರಿನ ಸರ್ಕಾರಿ ಶಾಲೆಯಲ್ಲೇ ಅಕ್ಷರ ದಾಸೋಹದ ಒಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಉರಿಯುತ್ತಿದೆ. ನೂರಾರು ತಾಯಂದಿರು ಕಟ್ಟಬೇಕಾಗಿದ್ದ ಮಧ್ಯಾಹ್ನದ ಬುತ್ತಿಯನ್ನು ಅಲ್ಲಿ ಕೆಲವೇ ಹೆಂಗಸರು ಬೇಯಿಸಿ ಹಾಕುತ್ತಾರೆ. ಅವರಿಗೆ ಸಿಗುವುದು ಸಂಬಳವಲ್ಲ, ಅಲ್ಪ ಗೌರವಧನ ಎಂಬುದು ಬೇರೆಯೇ ಹೋರಾಟದ ಮಾತು. ಆದರೆ ಕೂಡಿ ಬೇಯಿಸಿದರೆ ಊರಿಗೆ ಊರೇ ಉಸಿರಾಡಬಹುದು ಎಂಬುದು ಅಲ್ಲಿ ರುಜುವಾತಾಗಿದೆ.

ಅತ್ತೆಯರಾದ ನಮಗೂ ಒಂದು ಮಾತಿದೆ. ‘ತಂಗಳು’ ಎಂಬ ಮಾತನ್ನು ಮಗನ ಬಾಯಿಗೆ ಹಾಕಿಕೊಟ್ಟವರಲ್ಲಿ ನಾವೂ ಇದ್ದೇವೆ. ನಾನು ಹೊಗೆ ಕುಡಿದೆ, ಅವಳೂ ಕುಡಿಯಲಿ ಎನ್ನುವುದು ಸಂಸ್ಕೃತಿಯಲ್ಲ, ಸೇಡು. ಸೇಡು ತೀರಿಸಿಕೊಳ್ಳಬೇಕಾದ್ದು ಸೊಸೆಯ ಮೇಲಲ್ಲ.

ತಟ್ಟೆ ಎಸೆಯುವುದು, ಸಾರು ಚೆಲ್ಲುವುದು, ಊಟದ ನೆಪದಲ್ಲಿ ಹೊಡೆಯುವುದು, ಹೀನಾಯವಾಗಿ ಬೈಯುವುದು ‘ಮನೆಯ ಮಾತು’ ಅಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ ಏಟೂ ಹಿಂಸೆಯೇ, ಬೈಗುಳವೂ ಹಿಂಸೆಯೇ, ದುಡಿದ ಹಣ ಕಿತ್ತುಕೊಳ್ಳುವುದೂ ಹಿಂಸೆಯೇ. ನಿಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ದೂರನ್ನು ಅಲ್ಲಿ ಕೊಡಬಹುದು. ಮನೆಯಿಂದ ಹೊರಗೆ ಹಾಕಿದರೆ ನಿಮ್ಮ ಒಡವೆ, ಪಾತ್ರೆ, ಫ್ರಿಜ್ಜು ಎಲ್ಲವನ್ನೂ ಸ್ತ್ರೀಧನವೆಂದು ವಾಪಸು ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಹಳೆಯ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಿವೆ. ಸಂಖ್ಯೆ ಬದಲಾಗಿದೆ, ಅಪರಾಧ ಬದಲಾಗಿಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ಸಂಖ್ಯೆ ಸಂಘದ ಪ್ರತಿ ಪುಸ್ತಕದ ರಟ್ಟಿನ ಮೇಲಿರಲಿ.

ಮುಂದಿನ ಸಭೆಯಲ್ಲಿ ಅಡುಗೆಯ ನೆಪ ಹೇಳಿ ಯಾರೂ ಏಳಬೇಡಿ. ಕೂತು, ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಈ ನಾಲ್ಕು ಠರಾವುಗಳನ್ನು ಬರೆಯಿರಿ:

ಒಂದು, ಮದುವೆಯ ಪಟ್ಟಿಯ ಫ್ರಿಜ್ಜಿಗೆ, ಬೈಕಿಗೆ, ಒಡವೆಗೆ ನಮ್ಮ ಸಂಘ ಸಾಲ ಕೊಡುವುದಿಲ್ಲ. ಸದಸ್ಯೆಯರೆಲ್ಲ ಬಳಸುವ ಗ್ರೈಂಡರಿಗೆ, ಹಿಟ್ಟಿನ ಗಿರಣಿಗೆ ಕೊಡುತ್ತದೆ.

ಎರಡು, ತಿಂಗಳಿಗೊಂದು ದಿನ ಕೂಡಿ ಕೂತು ಹುರಿಹಿಟ್ಟು, ಸಾರಿನ ಪುಡಿ, ಚಟ್ನಿಪುಡಿ ಮಾಡುತ್ತೇವೆ. ಸಾಮಾನಿನ ಲೆಕ್ಕದ ಜೊತೆ ಕೂಲಿಯ ಲೆಕ್ಕವನ್ನೂ ಬರೆಯುತ್ತೇವೆ.

ಮೂರು, ನಮ್ಮ ಗಂಡುಮಕ್ಕಳಿಗೆ ಹತ್ತು ವರ್ಷ ತುಂಬುವಷ್ಟರಲ್ಲಿ ಅನ್ನಕ್ಕಿಡುವುದನ್ನು, ಸಾರು ಬಿಸಿ ಮಾಡುವುದನ್ನು, ತಿಂದ ತಟ್ಟೆ ತೊಳೆಯುವುದನ್ನು ಕಲಿಸುತ್ತೇವೆ.

ನಾಲ್ಕು, ಊಟದ ನೆಪದಲ್ಲಿ ಯಾವ ಸದಸ್ಯೆಯ ಮೇಲೆ ಕೈ ಎತ್ತಿದರೂ ಮರುದಿನ ಬೆಳಿಗ್ಗೆ ಸಂಘದವರೆಲ್ಲ ಆ ಮನೆಯ ಬಾಗಿಲಲ್ಲಿ ಇರುತ್ತೇವೆ.

ಬರೆದ ಮೇಲೆ ಎಲ್ಲರೂ ಸಹಿ ಹಾಕಿ. ಆಮೇಲೆ ಮನೆಗೆ ಹೋಗಿ. ತಡವಾದರೆ ಸಾರು ಬಿಸಿ ಮಾಡಿಕೊಂಡು ಉಣ್ಣಲು ಅವರಿಗೂ ಎರಡು ಕೈಗಳಿವೆ.